ಅಂಚೆಗೆ ಹಾಕಲಾಗದ ಪೆಟ್ಟಿಗೆ

ನನ್ನ ಗಂಡ ಪಿಸ್ತೂಲು ಕೊಳ್ಳುವಂಥ ಮನುಷ್ಯರಾಗಿರಲಿಲ್ಲ. ಮಂಡ್ಯ ಕಡೆಯವರು. ಚಿಪ್ ಕಂಪನಿಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಹೊಸ ಮಿಕ್ಸಿ ತಂದರೂ ಜೊತೆಗೆ ಬಂದ ಪುಸ್ತಕವನ್ನು ಪೂರ್ತಿ ಓದಿದ ಮೇಲೇ ಪ್ಲಗ್ಗು ಸಿಕ್ಕಿಸುತ್ತಿದ್ದರು. ಇರುವೆ ಕಂಡರೆ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುತ್ತಿದ್ದರು.

ಒಂದು ಯುಗಾದಿಯ ವಾರ ನಾವು ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋಗಿದ್ದಾಗ, ಅಮೆರಿಕದ ಮಾರ್ಗನ್ ಹಿಲ್‌ನ ನಮ್ಮ ಮನೆಯ ಹಿಂಬಾಗಿಲಿನ ಗಾಜು ಒಡೆದು ಯಾರೋ ಒಳಗೆ ನುಗ್ಗಿದ್ದರು. ನನ್ನ ಅಮ್ಮನ ಬಳೆಗಳು ಹೋದವು. ಬೀರುವಿನ ಸೀರೆಗಳನ್ನೆಲ್ಲ ನೆಲಕ್ಕೆಳೆದು ಅವುಗಳ ಮೇಲೆ ಬೂಟುಗಾಲಲ್ಲಿ ಓಡಾಡಿದ್ದರು. ನಾನು ಬಳೆಗೆ ಅತ್ತೆ. ಅವರು ಆ ಬೂಟಿನ ಗುರುತುಗಳನ್ನೇ ನೋಡುತ್ತ ನಿಂತಿದ್ದರು. ಮುಂದಿನ ತಿಂಗಳು, ಅದಕ್ಕೆ ಬೇಕಾದ ಸುರಕ್ಷತೆಯ ಪರೀಕ್ಷೆ ಬರೆದು, ಹತ್ತು ದಿನ ಕಾದು, ಕಾನೂನು ಕೇಳಿದ ಪ್ರತಿಯೊಂದು ಕಾಗದಕ್ಕೂ ಸಹಿ ಹಾಕಿ ಪಿಸ್ತೂಲು ತಂದರು. ಅದಕ್ಕೊಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಗೊಂದು ಬೀಗ. ಗುಂಡುಗಳಿಗೆ ಬೇರೆ ಡಬ್ಬ, ಅದಕ್ಕೂ ಬೀಗ.

"ನಂಗೆ ಬೇಡ ರೀ ಇದು," ಎಂದೆ.

"ನಿಂಗ್ಯಾಕೆ? ನೀನೇನು ಮುಟ್ಟಬೇಕಾಗಿಲ್ಲ," ಎಂದರು.

ಭಾನುವಾರ ಬೆಳಿಗ್ಗೆ ಗುರಿ ಅಭ್ಯಾಸದ ಮೈದಾನಕ್ಕೆ ಹೋಗತೊಡಗಿದರು. ಅಲ್ಲಿ ಒಬ್ಬ ನಿವೃತ್ತ ಬಡಗಿ, ಅಮೆರಿಕನ್, ಅವರಿಗೆ ಹಿಡಿಯುವುದು, ಒರೆಸುವುದು ಎಲ್ಲ ಕಲಿಸಿಕೊಟ್ಟ. ಇಬ್ಬರೂ ಹೆಚ್ಚು ಮಾತಿನವರಲ್ಲ. ಅದಕ್ಕೇ ಸ್ನೇಹವಾಯಿತೆಂದು ಕಾಣುತ್ತದೆ. ಎರಡು ವರ್ಷದ ಮೇಲೆ ಆ ಬಡಗಿ ಪಕ್ಕದ ರಾಜ್ಯ ನೆವಾಡಾದ ರೀನೋಗೆ, ತನ್ನ ತಂಗಿಯ ಊರಿಗೆ ಹೋಗಿ ನೆಲೆಸಿದ. ಇವರ ಭಾನುವಾರಗಳು ಮತ್ತೆ ಖಾಲಿಯಾದವು. ಪಿಸ್ತೂಲು ಪೆಟ್ಟಿಗೆಯಲ್ಲಿ ಉಳಿಯಿತು.

ನಮಗೆ ಒಬ್ಬಳೇ ಮಗಳು. ಸ್ಯಾಕ್ರಮೆಂಟೊದಲ್ಲಿ ಮಕ್ಕಳ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನರ್ಸು. ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ಪಿಸ್ತೂಲಿನ ವಿಷಯ ಅವಳಿಗೆ ಬಹಳ ದಿನ ಗೊತ್ತಿರಲಿಲ್ಲ. ಅವಳ ಮಗಳಿಗೆ ಎರಡು ವರ್ಷ ತುಂಬಿದ್ದಾಗ ಒಮ್ಮೆ ಬಂದಿದ್ದರು. ಮಗು ನಮ್ಮ ಮಲಗುವ ಕೋಣೆಯ ಬಟ್ಟೆ ಇಡುವ ಕ್ಲೋಸೆಟ್ಟಿಗೆ ಹೊಕ್ಕು ಆ ಕಬ್ಬಿಣದ ಪೆಟ್ಟಿಗೆಯನ್ನು ಎರಡೂ ಕೈಯಿಂದ ತಬಲಾದಂತೆ ಬಡಿಯುತ್ತ ಕೂತಿತ್ತು. ಮಗಳು ಅದನ್ನು ಎತ್ತಿಕೊಳ್ಳಲು ಹೋದವಳು ಕೇಳಿದಳು, "ಅಪ್ಪ, ಈ ಬಾಕ್ಸಲ್ಲಿ ಏನಿದೆ?"

ಅವರು ಸುಳ್ಳು ಹೇಳುವವರಲ್ಲ. ಹೇಳಿದರು.

ಅವಳು ಮಗುವನ್ನು ಎತ್ತಿಕೊಂಡು ಕೋಣೆಯಿಂದ ಹೊರಗೆ ಬಂದಳು. ಆ ತಿಂಗಳು ಅವಳ ವಾರ್ಡಿಗೆ ಒಂದು ಮಗು ಬಂದಿತ್ತಂತೆ. ಅಜ್ಜಿಯ ಮನೆಯಲ್ಲಿ ಡ್ರಾಯರ್ ಎಳೆದಿದ್ದ ಮಗು. ಅದರ ಬಗ್ಗೆ ಅವಳು ಅಷ್ಟೇ ಹೇಳಿದಳು, ಮುಂದೆ ಹೇಳಲಿಲ್ಲ.

"ಬೀಗ ಹಾಕಿದೀನಲ್ಲಮ್ಮ. ಗುಂಡು ಬೇರೆ ಕಡೆ ಇದೆ."

"ಎಲ್ಲರೂ ಬೀಗ ಹಾಕಿದೀವಿ ಅಂತಾನೇ ಹೇಳೋದು ಅಪ್ಪ. ಇದು ಮನೇಲಿರೋವರೆಗೂ ನಾನು ಇವಳನ್ನ ಕರ್ಕೊಂಡು ಬರಲ್ಲ."

"ನನ್ನ ಮನೇಲಿ ಏನಿರಬೇಕು ಅಂತ ನೀನು ಹೇಳ್ಬೇಡ."

"ಓಕೆ," ಎಂದಳು ಅವಳು. ಮಗುವಿನ ಡಯಾಪರ್ ಚೀಲ ಹೆಗಲಿಗೇರಿಸಿಕೊಂಡಳು. ಬಿಸಿಬೇಳೆಬಾತು ಒಲೆಯ ಮೇಲಿತ್ತು. ಉಣ್ಣದೆ ಹೊರಟರು.

ಇಬ್ಬರದೂ ಒಂದೇ ಹಟ. ಒಂದು ವರ್ಷ ಎಂಟು ತಿಂಗಳು ಅವಳು ನಮ್ಮ ಮನೆಗೆ ಬರಲಿಲ್ಲ, ಇವರು ಅವಳ ಮನೆಗೆ ಹೋಗಲಿಲ್ಲ. ನಾನೊಬ್ಬಳೇ ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದೆ. ಹೊರಡುವಾಗ ಮೊಮ್ಮಗಳಿಗೆಂದು ಕೋಡುಬಳೆಯ ಡಬ್ಬಿಯನ್ನು ಅವರೇ ತಂದು ಕಾರಿನಲ್ಲಿಡುತ್ತಿದ್ದರು. "ನೀವೂ ಬನ್ನಿ" ಎಂದರೆ ಮಾತ್ರ ಟೈರಿನ ಗಾಳಿ ಪರೀಕ್ಷಿಸಲು ಬಗ್ಗುತ್ತಿದ್ದರು. ಶನಿವಾರದ ವಿಡಿಯೋ ಕರೆ ಒಂದು ಉಳಿದಿತ್ತು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು ತಾತ ಮೊಮ್ಮಗಳು ಮಾತಾಡುತ್ತಿದ್ದರು. ಮಗಳು ಆಗ ಪಕ್ಕದ ಕೋಣೆಗೆ ಹೋಗಿಬಿಡುತ್ತಿದ್ದಳು.

ಮಗುವಿಗೆ ನಾಲ್ಕು ತುಂಬುವ ಹೊತ್ತು. ಒಂದು ಶನಿವಾರ ಅದು ತಾತನನ್ನು ದಿಟ್ಟಿಸಿ ನೋಡಿ, ನನ್ನ ಕಡೆ ತಿರುಗಿ ಕೇಳಿತು, "ಅಜ್ಜೀ, ಡಸ್ ತಾತ ಹ್ಯಾವ್ ಲೆಗ್ಸ್?"

ಅದಕ್ಕೆ ಅವರು ಎದೆಯವರೆಗೆ ಮಾತ್ರ ಗೊತ್ತು. ನಾವು ನಕ್ಕೆವು. ಅವರು ಕುರ್ಚಿ ಹಿಂದೆ ಸರಿಸಿ, ಒಂದು ಕಾಲನ್ನೆತ್ತಿ ಕ್ಯಾಮೆರಾದ ಮುಂದೆ ಹಿಡಿದು ಬೆರಳಾಡಿಸಿದರು. ಮಗು ಕೇಕೆ ಹಾಕಿತು. ಕರೆ ಮುಗಿದ ಮೇಲೆ ಅವರು ಆ ಕುರ್ಚಿಯಲ್ಲೇ ಕೂತಿದ್ದರು. ನಾನು ಕಾಫಿ ತಂದಿಟ್ಟೆ, ಅದು ಕೆನೆಗಟ್ಟಿತು. ಸೋಮವಾರ ಬೆಳಿಗ್ಗೆ ಕಬ್ಬಿಣದ ಪೆಟ್ಟಿಗೆಯನ್ನು ಹೊರಗೆ ತಂದು ಊಟದ ಮೇಜಿನ ಮೇಲಿಟ್ಟು, "ಇದನ್ನ ರೀನೋಗೆ ಕಳಿಸಿಬಿಡ್ತೀನಿ ಕಣೆ. ಅವನಿಗೆ ಫೋನ್ ಮಾಡಿದ್ದೆ, ಇಟ್ಕೋತೀನಿ ಅಂದ," ಎಂದರು.

ನನ್ನ ಕಣ್ಣು ತುಂಬಿತು. "ಅವಳಿಗೆ ಹೇಳ್ಲಾ?"

"ಬೇಡ. ಮೊದಲು ಮನೆ ಬಿಟ್ಟು ಹೋಗ್ಲಿ. ಈಗಲೇ ಹೇಳಿದ್ರೆ ‘ಇನ್ನೂ ಅಲ್ಲೇ ಇದೆಯಲ್ಲ’ ಅಂತಾಳೆ ನಿನ್ನ ಮಗಳು. ಕಳಿಸಿ ಆದಮೇಲೆ ನಾನೇ ಫೋನ್ ಮಾಡಿ, ಬಾ ಅಂತೀನಿ."

ನಾನು ಸರಿ ಎಂದೆ. ಆ ಸರಿಯನ್ನು ನಾನು ಇವತ್ತಿಗೂ ಹೊತ್ತುಕೊಂಡು ತಿರುಗುತ್ತಿದ್ದೇನೆ.

ಅಂಚೆ ಕಚೇರಿಗೆ ನಾನೇ ಕಾರು ಓಡಿಸಿದೆ. ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು, ಮೊದಲು ಕೇಳಿಕೊಂಡು ಬರೋಣ ಎಂದರು. ಕೌಂಟರಿನ ಹೆಂಗಸು ಒಳ್ಳೆಯವಳು. ಇವರು ಕೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಖಾಸಗಿ ಜನ ಕೈಪಿಸ್ತೂಲನ್ನು ಅಂಚೆಯಲ್ಲಿ ಕಳಿಸುವಂತಿಲ್ಲ, ಖಾಲಿಯಿದ್ದರೂ, ಬಿಚ್ಚಿದ್ದರೂ ಇಲ್ಲ ಎಂದಳು. ಅದನ್ನು ಈ ಕಟ್ಟಡದೊಳಗೆ ತರುವುದೇ ತಪ್ಪಾಗುತ್ತಿತ್ತು, ಮೊದಲು ಬಂದು ಕೇಳಿದ್ದು ಒಳ್ಳೆಯದಾಯಿತು ಎಂದಳು. ಇವರು ಶಾಲೆಯಲ್ಲಿ ಶಹಬ್ಬಾಸ್ ಅನ್ನಿಸಿಕೊಂಡವರ ಹಾಗೆ ನನ್ನ ಕಡೆ ನೋಡಿದರು.

ಅಲ್ಲಿಂದ ಒಂದು ಖಾಸಗಿ ಕೊರಿಯರ್ ಅಂಗಡಿಗೆ ಹೋದೆವು. ಪರವಾನಗಿ ಇರುವ ವ್ಯಾಪಾರಿಗಳಿಂದ ಮಾತ್ರ ತೆಗೆದುಕೊಳ್ಳುತ್ತೇವೆ, ನಿಮ್ಮಂಥವರಿಂದ ಇಲ್ಲ ಎಂದರು.

"ಹಂಗಾದ್ರೆ ನಾವೇ ರೀನೋಗೆ ಹೋಗಿ ಅವನ ಕೈಗೆ ಕೊಟ್ಟು ಬರೋಣ. ನಾಲ್ಕೈದು ಗಂಟೆ ದಾರಿ," ಎಂದೆ ನಾನು, ಕಾರಿನಲ್ಲಿ.

"ಇರು, ನೋಡ್ತೀನಿ."

ಮನೆಗೆ ಬಂದು ನಿಯಮಗಳನ್ನೆಲ್ಲ ಪ್ರಿಂಟು ತೆಗೆದರು. ಹನ್ನೊಂದು ಪುಟ. ಪೆನ್ಸಿಲಿನಿಂದ ಅಡಿಗೆರೆ ಎಳೆಯುತ್ತ ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಒಂದು ರಾಜ್ಯದವರು ಇನ್ನೊಂದು ರಾಜ್ಯದವರಿಗೆ ಉಡುಗೊರೆಯಾಗಿ ಕೂಡ ಕೈಗೆ ಕೈ ಕೊಡುವಂತಿಲ್ಲ. ಪಡೆಯುವವರ ರಾಜ್ಯದ ಪರವಾನಗಿ ಪಡೆದ ಅಂಗಡಿಗೆ ಅದು ಹೋಗಬೇಕು, ಅಲ್ಲಿ ಅವರು ಅರ್ಜಿ ತುಂಬಿ, ಹಿನ್ನೆಲೆ ತಪಾಸಣೆ ಆಗಿ, ಆಮೇಲೆ ಕೈಗೆ ಬರಬೇಕು. ಅಂಚೆಯೂ ಕೊರಿಯರೂ ಒಲ್ಲೆನ್ನುವುದರಿಂದ ಇಲ್ಲಿಂದಲೂ ಅಂಗಡಿಯ ಮೂಲಕವೇ ಕಳಿಸಬೇಕು.

"ಒಳ್ಳೆ ನಿಯಮಾನೇ," ಎಂದರು ಕನ್ನಡಕ ತೆಗೆದು. "ಸಾಮಾನು ಅಂಥದ್ದಲ್ವಾ."

"ಪೊಲೀಸರಿಗೆ ಕೊಟ್ಟುಬಿಡಿ ರೀ. ಮುಗಿದು ಹೋಗುತ್ತೆ."

"ಕದ್ದ ಮಾಲಾ ಇದು, ಪೊಲೀಸರಿಗೆ ಒಪ್ಪಿಸೋಕೆ? ಬೇಕು ಅನ್ನೋ ಸ್ನೇಹಿತ ಇದಾನೆ. ಒಂದೆರಡು ವಾರದ ಮಾತು."

ಸ್ಯಾನ್ ಹೋಸೆಯ ಒಂದು ಗನ್ ಅಂಗಡಿಗೆ ಹೋದೆವು. ನಾನು ಬಾಗಿಲ ಬಳಿಯೇ ನಿಂತೆ. ಗಡ್ಡದ ಮಾಲೀಕ ಸಮಾಧಾನದಿಂದ ವಿವರಿಸಿದ: ರೀನೋದ ಅಂಗಡಿಯವರು ತಮ್ಮ ಪರವಾನಗಿಯ ಪ್ರತಿಯನ್ನು ನನಗೆ ಕಳಿಸಲಿ, ಆಮೇಲೆ ನೀವು ತನ್ನಿ, ಅದಕ್ಕೆ ಮೊದಲು ನಾನು ಇಲ್ಲಿ ಇಟ್ಟುಕೊಳ್ಳುವುದಿಲ್ಲ.

ಒಂದೆರಡು ವಾರ ಏಳು ವಾರವಾಯಿತು. ಬಡಗಿಗೆ ಸೊಂಟದ ಆಪರೇಷನ್ ಆಗಿತ್ತು, ಅಂಗಡಿಗೆ ಹೋಗಲಾಗಲಿಲ್ಲ. ಹೋದಾಗ ಅಂಗಡಿಯವನು ಬೇಟೆಗೆಂದು ಬೀಗ ಹಾಕಿಕೊಂಡು ಹೋಗಿದ್ದ. ಇವರು ದಿನಕ್ಕೆರಡು ಸಲ ಈಮೇಲು ನೋಡುತ್ತಿದ್ದರು. ಅಷ್ಟರಲ್ಲಿ ಹಿತ್ತಲಿನಲ್ಲಿ ಮೊಮ್ಮಗಳಿಗೆಂದು ಒಂದು ಉಯ್ಯಾಲೆ ತಂದು ಜೋಡಿಸಿದರು. ಪುಸ್ತಕವನ್ನು ಪೂರ್ತಿ ಓದಿ, ಒಂದೊಂದು ಬೋಲ್ಟನ್ನೂ ಎರಡೆರಡು ಸಲ ಬಿಗಿದು, ಕೊನೆಗೆ ತಾವೇ ಕೂತು ತೂಗಿ ನೋಡಿದರು. ಶನಿವಾರದ ಕರೆಯಲ್ಲಿ ಅದನ್ನು ಮಗುವಿಗೆ ತೋರಿಸಲಿಲ್ಲ. ಬಂದಾಗಲೇ ನೋಡಲಿ ಎಂದರು.

ಆ ಏಳು ವಾರದಲ್ಲಿ ನಾನು ಮಗಳ ಜೊತೆ ಪ್ರತಿದಿನ ಮಾತಾಡಿದ್ದೇನೆ. ಏನು ಅಡುಗೆ, ಮಗುವಿಗೆ ಕೆಮ್ಮು ಹೋಯಿತಾ, ಡೇಕೇರಿನಲ್ಲಿ ಏನು ಕಲಿಸಿದರು. ನಾಲಗೆಯ ತುದಿಗೆ ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದೆ. ಅಪ್ಪ ತಾನೇ ಹೇಳುವಾಗಿನ ಸಂತೋಷವನ್ನು ನಾನೇಕೆ ಕಿತ್ತುಕೊಳ್ಳಲಿ ಎಂದುಕೊಂಡೆ.

ಅದು ಬುಧವಾರ, ಕಸದ ಲಾರಿ ಬರುವ ದಿನ. ಬೆಳಿಗ್ಗೆ ಎಂಟು ಗಂಟೆಗೆ ಖಾಲಿ ಡಬ್ಬಗಳನ್ನು ಒಳಗೆಳೆದು ತರಲು ಹೋದವರು ಮನೆ ಮುಂದಿನ ಡ್ರೈವ್‌ವೇಯಲ್ಲಿ ಬಿದ್ದರು. ಎದುರು ಮನೆಯವರು ಓಡಿಬಂದು ಎದೆ ಒತ್ತುತ್ತಿದ್ದರು. ನಾನು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳಲು ಹೋದರೆ ಬೇಡ, ಸಮತಟ್ಟಾಗಿರಲಿ ಎಂದು ತಡೆದರು. ಹಾಗಾಗಿ ಒಂದು ಪಾದವನ್ನು ಹಿಡಿದುಕೊಂಡು ಕೂತೆ. ಆಂಬುಲೆನ್ಸಿನವರು ಬಂದರು. ಆಸ್ಪತ್ರೆಯಲ್ಲಿ ಅರ್ಧ ಗಂಟೆಯ ಮೇಲೆ ಡಾಕ್ಟರು ಬಂದು ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತರು. ಕೂತಾಗಲೇ ತಿಳಿಯಿತು.

ಮಧ್ಯಾಹ್ನ ಮಗಳು, ಅಳಿಯ, ಮಗು ಬಂದರು. ಕಾರು ನಿಂತಿತು. ಮಗಳು ಒಬ್ಬಳೇ ಇಳಿದು ಬಂದು ಬಾಗಿಲಲ್ಲಿ ನನ್ನನ್ನು ತಬ್ಬಿ ಅತ್ತಳು. ನಾನು ಮಗುವನ್ನು ಕರೆದುಕೊಂಡು ಬರಲು ಕಾರಿನ ಕಡೆ ಹೆಜ್ಜೆ ಇಟ್ಟೆ. ಅವಳು ನನ್ನ ತೋಳು ಹಿಡಿದಳು.

"ಅಮ್ಮ, ಅದು ಇನ್ನೂ ಮನೇಲಿದೆಯಾ?"

ನಾನು ಹೂಂ ಎಂದೆ. ಆಗಲೇ ಎಲ್ಲ ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ.

ಅವಳು ತಲೆಯಾಡಿಸಿದಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. "ಕೊನೇವರೆಗೂ ಬಿಡ್ಲಿಲ್ಲ," ಎಂದಷ್ಟೇ ಹೇಳಿ, ಗಂಡನಿಗೆ ಕೈಸನ್ನೆ ಮಾಡಿದಳು. ಅವನು ಮಗುವನ್ನು ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋದ. ಮಗು ಕಿಟಕಿಯಿಂದ ನನಗೆ ಕೈಬೀಸಿತು. ತಾತ ಸತ್ತ ದಿನವೂ ಅದು ತಾತನ ಮನೆಯ ಹೊಸಿಲು ದಾಟಲಿಲ್ಲ.

ಅಂತ್ಯಕ್ರಿಯೆ ಶುಕ್ರವಾರ ಆಯಿತು. ಮಗಳು ನಿಂತು ನಾಲ್ಕು ಮಾತಾಡಿದಳು. ಅಪ್ಪ ತನಗೆ ಲೆಕ್ಕ ಹೇಳಿಕೊಟ್ಟಿದ್ದು, ಕಾರು ಕಲಿಸಿದ್ದು. ಪ್ರೀತಿಯ ಮಾತುಗಳೇ. ಆದರೆ ಎಲ್ಲವೂ ಅವಳು ಈ ಮನೆ ಬಿಟ್ಟು ಹೋಗುವ ಮೊದಲಿನವು.

ಭಾನುವಾರ ನಾವಿಬ್ಬರೇ ಊಟದ ಮೇಜಿನಲ್ಲಿ ಕೂತು ಸಾವಿನ ಪ್ರಮಾಣಪತ್ರಕ್ಕೆ ಬೇಕಾದ ಕಾಗದ ತುಂಬುತ್ತಿದ್ದೆವು. ಅವರ ಫೋನು ರಿಂಗಾಯಿತು. ನನ್ನ ಕೈಯಲ್ಲಿ ಪೆನ್ನಿತ್ತು, ಮಗಳು ಸ್ಪೀಕರಿಗೆ ಹಾಕಿದಳು. ಗನ್ ಅಂಗಡಿಯ ಮಾಲೀಕ. ರೀನೋ ಅಂಗಡಿಯವರ ಪರವಾನಗಿ ಪ್ರತಿ ಕೊನೆಗೂ ಬಂತು, ಯಜಮಾನರು ಯಾವತ್ತು ಬೇಕಾದರೂ ಪಿಸ್ತೂಲು ತರಬಹುದು, ಈ ವಾರವೇ ಕಳಿಸಿಬಿಡುತ್ತೇನೆ ಎಂದ. ಮಗಳು ಮೆಲ್ಲಗೆ, ಅವರು ತೀರಿಕೊಂಡರು ಎಂದಳು. ಅವನೆಂದ, ಐ ಆಮ್ ಸೋ ಸಾರಿ. ವಾರವಾರವೂ ಫೋನ್ ಮಾಡಿ ಬಂತಾ ಅಂತ ಕೇಳುತ್ತಿದ್ದರು, ಮೊಮ್ಮಗಳು ಮನೆಗೆ ಬರುತ್ತಾಳೆ ಎಂದು ಹೇಳುತ್ತಿದ್ದರು ಎಂದ.

ಮಗಳು ಫೋನು ಕೆಳಗಿಟ್ಟಳು. "ಅಮ್ಮ, ಏನಿದು?"

ಹೇಳಿದೆ. ಮೊದಲಿಂದ ಹೇಳಿದೆ. ಕಾಲು ತೋರಿಸಿದ್ದು, ಅಂಚೆ ಕಚೇರಿ, ಕೊರಿಯರು, ಬಡಗಿಯ ಸೊಂಟ. ಅವರ ಮೇಜಿನಿಂದ ಆ ಹನ್ನೊಂದು ಪುಟಗಳನ್ನು ತಂದು ಕೊಟ್ಟೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಮೂರನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದನ್ನು ತೋರಿಸಿ ಕೇಳಿದಳು, "ಇದೇನು?"

"ದೀಪಾವಳಿಗೆ ಮೊದಲು ಆಗುತ್ತಾ, ಕೇಳಬೇಕು," ಎಂದು ಓದಿ ಹೇಳಿದೆ.

ಅವಳು ಆ ಕಾಗದಗಳನ್ನು ಮುಖಕ್ಕೆ ಒತ್ತಿಕೊಂಡಳು. "ವೈ ಡಿಡಂಟ್ ಹೀ ಜಸ್ಟ್ ಕಾಲ್ ಮಿ? ಒಂದು ಫೋನು ಅಮ್ಮ. ಕೊಡ್ತಾ ಇದೀನಿ ಅಂದಿದ್ರೆ ಸಾಕಿತ್ತು. ಪಾರ್ಕಲ್ಲಿ ಸಿಗ್ತಿದ್ವಿ. ನಾನೇ ಬರ್ತಿದ್ದೆ."

ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. "ನೀನು ದಿನಾ ಮಾತಾಡ್ತಿದ್ದೆ ನನ್ ಹತ್ರ."

ನಾನು ಆ ಕಾಗದಗಳನ್ನು ಅವಳ ಕೈಯಿಂದ ತೆಗೆದುಕೊಂಡು ಪುಟದ ಕ್ರಮಕ್ಕೆ ಜೋಡಿಸತೊಡಗಿದೆ. ಅವರು ನಿಯಮದಂತೆ ನಡೆದರು, ನಾನು ಅವರಿಗೆ ಕೊಟ್ಟ ಮಾತಿನಂತೆ ನಡೆದೆ, ಅವಳು ತನ್ನ ಮಗುವಿಗಾಗಿ ಇಟ್ಟುಕೊಂಡ ಮಾತಿನಂತೆ ನಡೆದಳು. ಯಾರೂ ತಪ್ಪು ಮಾಡಲಿಲ್ಲವೆಂದು ಸಂಬಂಧಿಕರು ಸಮಾಧಾನ ಹೇಳುತ್ತಾರೆ. ಅದರಿಂದ ನನಗೆ ಸಮಾಧಾನವಾಗುವುದಿಲ್ಲ.

ಯಜಮಾನರು ಹೋದ ಮೇಲೆ ಆ ಪಿಸ್ತೂಲಿಗೆ ಅನ್ವಯಿಸುವ ಕಾನೂನೇ ಬೇರೆಯಾಯಿತು. ಇನ್ನು ಅದನ್ನು ಅವರ ಹೆಸರಿನಲ್ಲಿ ಕಳಿಸುವಂತಿಲ್ಲ. ಹೆಂಡತಿಯಾದ ನನಗೆ ಬರಬೇಕು, ಇಟ್ಟುಕೊಳ್ಳುವುದಾದರೆ ನಾನು ಪರೀಕ್ಷೆ ಬರೆದು ರಾಜ್ಯಕ್ಕೆ ತಿಳಿಸಬೇಕು. ಬಡಗಿಗೆ ಫೋನ್ ಮಾಡಿದೆ. ಅವನು ಅತ್ತ. ನನಗೀಗ ಅದು ಬೇಡ, ನೋಡಿದಾಗಲೆಲ್ಲ ಅವನ ನೆನಪಾಗುತ್ತದೆ ಎಂದ.

ಮಗಳು ಪೊಲೀಸರಿಗೆ ಫೋನ್ ಮಾಡಿದಳು. ಗುಂಡು ತೆಗೆದು, ಬೀಗ ಹಾಕಿ, ಕಾರಿನ ಡಿಕ್ಕಿಯಲ್ಲಿಟ್ಟು ತನ್ನಿ, ಒಳಗೆ ತರಬೇಡಿ, ನೀವು ಬಂದು ಹೇಳಿ, ನಾವೇ ಹೊರಗೆ ಬರುತ್ತೇವೆ ಎಂದರಂತೆ. ಅಪ್ಪನ ಗೊಂಚಲಿನಿಂದ ಬೀಗದ ಕೈ ಹುಡುಕಿ, ಪೆಟ್ಟಿಗೆ ತೆಗೆದು ಖಾಲಿ ಇದೆಯೇ ಎಂದು ಅವಳೇ ನೋಡಿದಳು. ಅಪ್ಪ ಖಾಲಿಯೇ ಇಟ್ಟಿದ್ದರು. ಮೆತ್ತನೆಯ ಹಳೆ ಪಂಚೆಯ ತುಂಡಿನಲ್ಲಿ ಸುತ್ತಿದ್ದರು. ಅವಳು ಮತ್ತೆ ಬೀಗ ಹಾಕಿ, ಎದೆಗವಚಿಕೊಂಡು ಡಿಕ್ಕಿಯವರೆಗೆ ನಡೆದಳು. ಯಾವುದು ಇರುವ ಸೂರಿನಡಿಗೆ ಮಗುವನ್ನು ತರುವುದಿಲ್ಲವೆಂದಿದ್ದಳೋ ಅದನ್ನೇ ಹೊತ್ತಿದ್ದಳು. ನಾನು ಹಿಂದೆ ಹಿಂದೆ ಗುಂಡಿನ ಡಬ್ಬ ಹಿಡಿದು ನಡೆದೆ.

ಠಾಣೆಯ ಪಾರ್ಕಿಂಗಿನಲ್ಲಿ ಒಬ್ಬ ಆಫೀಸರ್ ಬಂದು ಪೆಟ್ಟಿಗೆ ತೆಗೆಸಿ ನೋಡಿ, ನಂಬರು ಬರೆದುಕೊಂಡು, ಒಂದು ಸಹಿ ಹಾಕಿಸಿಕೊಂಡ. ನಾಶ ಮಾಡುತ್ತೀರಾ ಎಂದು ಮಗಳು ಕೇಳಿದಳು. ಹೌದು ಎಂದ. ಒಂದು ರಸೀದಿ ಕೊಟ್ಟು ಒಳಗೆ ಹೋದ. ಅಷ್ಟೇ. ಹಾಲು ಉಕ್ಕಿ ಬರುವಷ್ಟು ಹೊತ್ತೂ ಹಿಡಿಯಲಿಲ್ಲ. ಏಳು ವಾರ ಕಾದರೂ ಮನೆ ಬಿಟ್ಟು ಕದಲದಿದ್ದದ್ದು ಅಷ್ಟು ಬೇಗ ಹೋಗಿಬಿಟ್ಟಿತು. ನನಗೆ ನಮ್ಮ ಯಜಮಾನರ ಮೇಲೆ, ಮದುವೆಯಾದ ಇಷ್ಟು ವರ್ಷಗಳಲ್ಲಿ ಬರದಷ್ಟು ಕೋಪ ಬಂತು. ಕದ್ದ ಮಾಲಾ ಇದು, ಎಂದಿದ್ದರಲ್ಲ. ಕಾರಿನಲ್ಲಿ ಕೂತು ಜೋರಾಗಿ ಬೈದೆ. "ಏನು ಹೋಗ್ತಿತ್ತು ರೀ ನಿಮಗೆ, ಏನು ಹೋಗ್ತಿತ್ತು!" ಮಗಳು ರಸೀದಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡು ಕಾರು ಸ್ಟಾರ್ಟ್ ಮಾಡಿದಳು.

ಆ ಸಂಜೆ ಅಳಿಯ ಮಗುವನ್ನು ಕರೆತಂದ. ಅದು ಚಪ್ಪಲಿ ಬಿಚ್ಚಿ ಎಸೆದು ಒಂದೊಂದೇ ಕೋಣೆಗೆ ಓಡಿತು. ಹಿತ್ತಲಿನ ಉಯ್ಯಾಲೆ ಕಂಡು, "ಈಸ್ ದಟ್ ಮೈನ್?" ಎಂದು ಕೂಗಿತು. ಹೌದು ನಿಂದೇ ಎಂದೆ. ಅದರ ತಂದೆ ತೂಗಿದ. ನಾವಿಬ್ಬರೂ ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಂತೆವು. ಒಬ್ಬರನ್ನೊಬ್ಬರು ನೋಡಲು ಇಬ್ಬರಿಗೂ ಧೈರ್ಯವಿರಲಿಲ್ಲ.

ಈಗ ಅವರು ಎರಡು ವಾರಕ್ಕೊಮ್ಮೆ ಬರುತ್ತಾರೆ. ಮಗಳು ನನ್ನನ್ನು ದೂರಿಲ್ಲ. ಆದರೆ ದಿನದ ಫೋನು ನಿಂತಿದೆ. ಬರುವ ಮೊದಲು ಒಂದು ಮೆಸೇಜು ಬರುತ್ತದೆ, ಹೊರಟಿದೀವಿ ಎಂದು. ನಾನು ಅಡುಗೆ ಮಾಡಿಟ್ಟುಕೊಂಡು ಕಾಯುತ್ತೇನೆ.

ಹೋದ ಸಲ ಬಂದಾಗ ಊಟ ಮುಗಿಸಿ ಅವಳು ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸಿಡುತ್ತಿದ್ದೆ. ನಲ್ಲಿಯ ಸದ್ದಿನೊಳಗೇ ಕೇಳಿದಳು, "ಅಮ್ಮ, ಅಪ್ಪಂಗೆ ಕೊನೇಲಿ ನನ್ ಮೇಲೆ ಸಿಟ್ಟಿತ್ತಾ?"

ಆಗ ಹೇಳಿದೆ. ಅವರು ಹೋಗುವ ಮುಂಚಿನ ವಾರ, ಇಂಡಿಯನ್ ಗ್ರೋಸರಿಯಿಂದ ತಂದ ಅವರೆಕಾಯಿ ಸುಲಿಯುತ್ತ ನಾವಿಬ್ಬರೂ ಹಿತ್ತಲಿನಲ್ಲಿ ಕೂತಿದ್ದೆವು. ಅವರು ಕೈ ನಿಲ್ಲಿಸದೆ, ನನ್ನ ಕಡೆ ನೋಡದೆ ಹೇಳಿದ್ದರು, "ಅವಳು ಹೇಳಿದ್ದೇ ಸರಿ ಕಣೆ. ನಂಗೆ ಅವತ್ತೇ ಗೊತ್ತಿತ್ತು."

ಮಗಳು ನಲ್ಲಿ ನಿಲ್ಲಿಸಿದಳು. ಕೈಯೆಲ್ಲ ಸೋಪಿನ ನೊರೆ.

"ಇನ್ನೊಂದ್ಸಲ ಹೇಳಮ್ಮ. ಅಪ್ಪ ಹೆಂಗೆ ಹೇಳಿದ್ರೋ ಹಂಗೇ ಹೇಳು."

ಹೇಳಿದೆ.